ಹದಿನೆಂಟು ಸೆಕೆಂಡು

ಶುಕ್ರವಾರ ಸಂಜೆ ರೂವಿಯಲ್ಲಿ ಕ್ಯಾಂಪಿನ ಬಸ್ಸುಗಳು
ಜನರನ್ನು ಇಳಿಸಿ, ಎಂಜಿನ್ ಆರಿಸದೆ ಕಾಯುತ್ತವೆ.
ಒಂಬತ್ತಕ್ಕೆ ವಾಪಸು. ಅಷ್ಟರೊಳಗೆ ಹಣ ಕಳಿಸಬೇಕು,
ಕ್ಷೌರ ಆಗಬೇಕು, ನಮ್ಮಂಗಡಿಯ ಗಾಜಿಗೆ
ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಲ್ಲಬೇಕು.

ಆತ ಒಳಗೆ ಬಂದವನೇ ಬೆರಳಿಟ್ಟದ್ದು ಕೆಂಪು ಡಬ್ಬಿಯ ಮೇಲೆ.
ಸಿಂಹದ ಬಾಯಿ, ಬಾಯೊಳಗೆ ಬೆಂಕಿ,
ಬೆಂಕಿಯ ಮೇಲೆ ಸಾವಿರದೈನೂರು ವ್ಯಾಟ್.
"ಇದರ ದನಿ ಜೋರ್ ಐತೇನ್ರಿ?"
ಗವಿಸಿದ್ದಪ್ಪ, ಕೊಪ್ಪಳದ ಕಡೆಯವ, ಬರ್ಕಾದಲ್ಲಿ ರಿಗ್ಗರ್.
ನಾನು ಭಟ್ಕಳದವ. ನಮ್ಮಿಬ್ಬರ ಕನ್ನಡಗಳು
ಕೌಂಟರಿನ ಮೇಲೆ ಒಂದನ್ನೊಂದು ಮೂಸಿ ನೋಡಿದವು.

ಮಾಲೀಕರು ನಮಾಜಿಗೆ ಹೋಗಿದ್ದರು.
ಅದಕ್ಕೇ ಇರಬೇಕು, ನಿಜ ಹೇಳುವ ಚಪಲ.
ಡಬ್ಬಿ ಮಗುಚಿದೆ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರ:
ಬ್ಯಾಟರಿ ಎಷ್ಟು, ವೋಲ್ಟು ಎಷ್ಟು.
ಕ್ಯಾಲ್ಕುಲೇಟರ್ ಅವನ ಕಡೆ ತಿರುಗಿಸಿ ಗುಣಿಸಿದೆ.
ಇದರ ಹೊಟ್ಟೆಯೊಳಗಿರುವುದು ಒಂದು ತಾಸಿಗೆ ಸಾಲುವ ಏಳೂವರೆ ವ್ಯಾಟು.
ಸಾವಿರದೈನೂರು ವ್ಯಾಟು ನಿಜಕ್ಕೂ ಕೂಗಿತೋ,
ಹದಿನೆಂಟು ಸೆಕೆಂಡು. ಆಮೇಲೆ ಇಟ್ಟಿಗೆ.

"ಎಂಟು ತಾಸು ಹಾಡತೈತಿ ಅಂತ ಬರದಾರಲ್ರಿ?"

ಹಾಡುತ್ತದೆ. ಒಂದು ವ್ಯಾಟಿಗೂ ಕಡಿಮೆಯಲ್ಲಿ.
ಪೀಕ್ ಎಂದರೆ ಒಮ್ಮೆ ಕಿರುಚಿದ್ದರ ಲೆಕ್ಕ,
ಆರ್‌ಎಂಎಸ್ ಎಂದರೆ ಉಸಿರು ಕಟ್ಟದೆ ಹಾಡಿದ್ದರ...
ಆತ ಅಂಗೈ ಕೆಳಗೆ ಮಾಡಿ ತೋಳು ಚಾಚಿದ:
ಕ್ರೇನಿಗೆ ನಿಲ್ಲು ಅನ್ನುವ ಸನ್ನೆ.

"ಕ್ರೇನಿನ ಮೈಮ್ಯಾಲೂ ಐವತ್ತು ಟನ್ ಅಂತ ಬರದಿರತೈತ್ರಿ.
ಅದು ಬೂಮನ್ನ ಎದಿಗೆ ಅಪ್ಪಿಕೊಂಡಾಗಿನ ಮಾತು.
ತೋಳು ಚಾಚಿದ್ರ ಹತ್ತು. ಇನ್ನೂ ಚಾಚಿದ್ರ ನಾಕು.
ಒಳಗ ಒಂದು ಚಾರ್ಟ್ ಇರತೈತಿ, ನಾವು ನಂಬೂದು ಅದನ್ನಷ್ಟ.
ಮೈಮ್ಯಾಲಿನ ಅಂಕಿ ನಂಬಿದಾವ ಒಬ್ಬ ಇದ್ದ."
ಆ ಒಬ್ಬನ ಬಗ್ಗೆ ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬೂದು ಬಣ್ಣದ್ದು ತೆಗೆದೆ. ಸಿಂಹವಿಲ್ಲ, ಬೆಂಕಿಯಿಲ್ಲ,
ಹತ್ತು ವ್ಯಾಟು, ಹತ್ತೇ.
ಪರೀಕ್ಷೆಗೆ ಹಾಡು ಹಾಕುತ್ತಾನೆ ಅಂದುಕೊಂಡರೆ
ಆತ ಹಾಕಿದ್ದು ಹೆಂಡತಿ ಕಳಿಸಿದ ವಾಯ್ಸ್ ಮೆಸೇಜು.
ಶಶಿ ಅಂತ ಹೆಸರು.
"ಸೊಸೈಟಿಯಾಗ ಸಕ್ಕರಿ ಬಂದಿಲ್ಲ. ಸಂತಿಗೆ ಹೋಗಿದ್ದೆ. ಸುಸ್ತಾಗೈತಿ."
ಏರಿಸಿದ. ಇನ್ನೂ ಏರಿಸಿದ. ಕಪಾಟಿನ ಗಾಜು ನಡುಗಿತು.
ಐದು ವರ್ಷ ಪೈಲಿಂಗ್ ಸುತ್ತಿಗೆಯ ಪಕ್ಕ ನಿಂತ ಕಿವಿ.
"ಗಂಟಲು ಕೇಳತೈತ್ರಿ. ಹಲ್ಲು ಕೇಳಂಗಿಲ್ಲ."

ವ್ಯಾಟು ದುಪ್ಪಟ್ಟು ಮಾಡಿದರೂ ದಕ್ಕುವುದು ಮೂರೇ ಡೆಸಿಬೆಲ್,
ಕುರ್ಚಿ ತುಸು ಹತ್ತಿರ ಎಳೆದಷ್ಟು.
ಇವನಿಗೆ ಬೇಕಾದ್ದು ಯಾವ ಡಬ್ಬಿಯ ಮೇಲೂ ಅಚ್ಚಾಗಿಲ್ಲ.
ಅವನ ಫೋನಿನಲ್ಲೇ ಆ್ಯಪ್ ತೆರೆದು
ಬೇಸನ್ನು ಪಾತಾಳಕ್ಕಿಳಿಸಿದೆ, ಟ್ರೆಬಲ್ ತುದಿಗೇರಿಸಿದೆ.
ಶಶಿಯ ದನಿ ತಗಡಾಯಿತು, ನನ್ನ ಹಲ್ಲು ಜುಮ್ಮೆಂದಿತು.
ಆತ ತಲೆ ಓರೆ ಮಾಡಿದ.

"ಸಕ್ಕರಿ," ಅಂದ. "ಸಕ್ಕರಿ ಬಂದಿಲ್ಲ."
ಆಮೇಲೆ ಸುಮ್ಮನೆ ನಕ್ಕ, ಮೀಸೆ ಒರೆಸಿಕೊಂಡ.
"ಮೂರು ದಿನದಿಂದ ಅಕ್ಕರಿ ಬಂದಿಲ್ಲ ಅಂತ ಕೇಳಾಕತ್ತಿತ್ರಿ ನನಗ.
ಯಾಕ ಹಿಂಗ ಅಂತಾಳ, ಏನ್ ತಪ್ಪಾತು ಅಂತ..."

ಹಾರ್ನು. ಬೂದು ಡಬ್ಬಿ ಬಗಲಿಗಿಟ್ಟು ಓಡಿದ,
ಚಿಲ್ಲರೆ ಮುನ್ನೂರು ಬೈಸಾ ಕೌಂಟರಿನಲ್ಲೇ ಉಳಿಯಿತು.

ಮಾಲೀಕರು ಬಂದು ತೋಳು ಇಳಿಸಿಕೊಳ್ಳುತ್ತ ಕೇಳಿದರು:
ಕೆಂಪು ಎಷ್ಟು ಹೋದವು?
ಇವತ್ತು ಇಲ್ಲ, ಅಂದೆ.
ಮಗುಚಿದ್ದ ಸಿಂಹವನ್ನೆತ್ತಿ
ಮುಖ ಮತ್ತೆ ರಸ್ತೆಯ ಕಡೆಗೆ ಮಾಡಿ ಇಟ್ಟೆ.